ಎಲ್ಲ ಕಡೆಗೂ ಬಾಲ್ ವಾಲ್ವ್ ಹಾಕಿದರೆ ಸಾಲದಾ?

ಪ್ರಶ್ನೆ: ನಮ್ಮ ಕಟ್ಟಡಕ್ಕೆ ಹೊಸದಾಗಿ ನೀರು ಶುದ್ಧೀಕರಣ ಘಟಕ ಹಾಕಿಸುತ್ತಿದ್ದೇವೆ. ಮರಳಿನ ಫಿಲ್ಟರ್, ಕಾರ್ಬನ್ ಫಿಲ್ಟರ್, ಸಾಫ್ಟ್‌ನರ್, ಕೊನೆಗೊಂದು ಆರ್‌ಒ. ಮೊದಲಲ್ಲೇ ಹೈಪೋ (ಕ್ರಿಮಿ ಕೊಲ್ಲುವ ಕ್ಲೋರಿನ್ ದ್ರಾವಣ) ಹಾಕಲು ಡೋಸಿಂಗ್ ಪಂಪು ಇದೆ. ಗುತ್ತಿಗೆದಾರರು ಕೊಟ್ಟ ಪಟ್ಟಿಯಲ್ಲಿ ಬಾಲ್, ಬಟರ್‌ಫ್ಲೈ, ಡಯಾಫ್ರಮ್, ನೀಡಲ್, ಸೊಲೆನಾಯ್ಡ್, ಮಲ್ಟಿಪೋರ್ಟ್, ಏರ್ ವಾಲ್ವ್, ಎನ್‌ಆರ್‌ವಿ (ನೀರು ಹಿಂದಕ್ಕೆ ಬಾರದಂತೆ ತಡೆಯುವ ವಾಲ್ವ್) ಅಂತ ಎಂಟು ಬಗೆ ಇವೆ. ಎಲ್ಲ ಕಡೆಗೂ ಬಾಲ್ ವಾಲ್ವ್ ಹಾಕಿದರೆ ಬಿಡಿಭಾಗ ಇಟ್ಟುಕೊಳ್ಳುವುದು ಸುಲಭ, ನಡೆಸುವವರಿಗೂ ಗೊಂದಲ ಇಲ್ಲ. ಹಾಗೆ ಮಾಡಬಹುದಾ? ಇನ್ನೊಂದು ವಿಷಯ. ಈಗಿರುವ ಹಳೇ ಫಿಲ್ಟರ್‌ನಲ್ಲಿ ಬ್ಯಾಕ್‌ವಾಶ್ (ನೀರನ್ನು ಉಲ್ಟಾ ಹರಿಸಿ ಫಿಲ್ಟರ್ ತೊಳೆಯುವುದು) ಮುಗಿಸಿ ವಾಲ್ವ್ ಮುಚ್ಚಿದ ಕೂಡಲೇ ಪೈಪು ಢಣ್ ಅಂತ ಬಡಿದುಕೊಳ್ಳುತ್ತದೆ. ಅದು ಯಾಕೆ?

ಉತ್ತರ: ಮಾಡಬೇಡಿ. ನಿಮ್ಮ ಘಟಕದ ಸಣ್ಣ ಪೈಪುಗಳಲ್ಲಿ ಬಹುಪಾಲು ಕಡೆ ಬಾಲ್ ವಾಲ್ವ್ ಚೆನ್ನಾಗಿಯೇ ನಡೆಯುತ್ತದೆ. ಉಳಿದ ಕಡೆ ಕೆಲವೆಡೆ ಬೇಗ ಹಾಳಾಗುತ್ತದೆ, ಕೆಲವೆಡೆ ಬೇಕಾದ ಕೆಲಸವನ್ನೇ ಮಾಡುವುದಿಲ್ಲ. ಎರಡು ಕಡೆ ಮಾತ್ರ ನಿಜಕ್ಕೂ ಅಪಾಯ: ಹೈಪೋ ಹರಿಯುವ ಲೈನು, ಮತ್ತು ಆರ್‌ಒದಿಂದ ಶುದ್ಧ ನೀರು ಹೊರಬರುವ ಲೈನು.

ವಾಲ್ವ್ ಆರಿಸುವಾಗ ಬಹಳ ಜನ ಪೈಪಿನ ಸೈಜು ನೋಡುತ್ತಾರೆ, ಎಷ್ಟು ಬಾರ್ ಒತ್ತಡ ತಡೆಯುತ್ತದೆ ಅಂತ ನೋಡುತ್ತಾರೆ, ಅಲ್ಲಿಗೆ ಮುಗಿಸುತ್ತಾರೆ. ನಾನು ಮೊದಲು ಕೇಳುವುದು ಬೇರೆ. ಇದನ್ನು ಯಾರಾದರೂ ಗೊತ್ತಿಲ್ಲದೆ ಪಟ್ಟನೆ ಮುಚ್ಚಿಬಿಟ್ಟರೆ ಏನಾಗುತ್ತದೆ? ಇದಕ್ಕೆ ಉತ್ತರ ಸಿಕ್ಕರೆ ಯಾವ ಬಗೆ ಬೇಕು ಅನ್ನುವುದು ಮುಕ್ಕಾಲು ಪಾಲು ತೀರ್ಮಾನವಾದ ಹಾಗೆ. ಆಮೇಲೆ ಅದರ ಕೆಲಸ ಏನು ಅಂತ ನೋಡಬೇಕು. ಬರೀ ಮುಚ್ಚಿ ತೆರೆಯುವುದಾ, ಹರಿವನ್ನು ಒಂದು ಹದಕ್ಕೆ ಹಿಡಿಯುವುದಾ, ನೀರು ಹಿಂದಕ್ಕೆ ಬಾರದಂತೆ ತಡೆಯುವುದಾ? ಕೊನೆಗೆ, ಒಳಗೆ ಹರಿಯುವುದು ಬರೀ ನೀರಾ ಅಥವಾ ಬೇರೇನಾದರೂ ಇದೆಯಾ?

ನಿಮ್ಮ ಢಣ್ ಸದ್ದಿನಿಂದಲೇ ಶುರು ಮಾಡೋಣ. ಬಾಲ್ ವಾಲ್ವ್ ಹಿಡಿಯನ್ನು ಕಾಲು ಸುತ್ತು ತಿರುಗಿಸಿದರೆ ಸಾಕು, ಮುಚ್ಚಿಕೊಳ್ಳುತ್ತದೆ. ಹಿಡಿ ತಿರುಗಿಸುವಾಗ ಶುರುವಿನಲ್ಲಿ ಹರಿವು ಅಷ್ಟೇನೂ ತಗ್ಗುವುದಿಲ್ಲ. ಕೊನೆಯ ಸ್ವಲ್ಪ ತಿರುವಿನಲ್ಲಿ ಥಟ್ಟನೆ ನಿಂತುಬಿಡುತ್ತದೆ. ಪೈಪಿನ ಉದ್ದಕ್ಕೂ ಓಡುತ್ತಿದ್ದ ಅಷ್ಟೂ ನೀರು ಒಮ್ಮೆಲೇ ನಿಲ್ಲಬೇಕಲ್ಲ, ಅದರ ರಭಸವೆಲ್ಲ ಒತ್ತಡವಾಗಿ ಬದಲಾಗುತ್ತದೆ. ವಾಟರ್ ಹ್ಯಾಮರ್ ಅನ್ನುವುದು ಇದನ್ನೇ. ರಷ್ಯಾದ ನಿಕೊಲಾಯ್ ಝುಕೋವ್‌ಸ್ಕಿ ಮಾಸ್ಕೋದ ನೀರು ಸರಬರಾಜು ಪೈಪುಗಳ ಮೇಲೆ ಪ್ರಯೋಗ ಮಾಡಿ 1898ರ ಹೊತ್ತಿಗೇ ಇದರ ಲೆಕ್ಕ ಕಟ್ಟಿದ್ದರು. ಕಬ್ಬಿಣದ ಪೈಪಿನಲ್ಲಿ ಸೆಕೆಂಡಿಗೆ 1 ಮೀಟರ್ ವೇಗದ ನೀರು ಒಮ್ಮೆಲೇ ನಿಂತರೆ ಒತ್ತಡ ಸುಮಾರು 10ರಿಂದ 12 ಬಾರ್ ಏರುತ್ತದೆ. ಪಿವಿಸಿ ಪೈಪು ಸ್ವಲ್ಪ ಹಿಗ್ಗುವುದರಿಂದ ಅದರಲ್ಲಿ 3ರಿಂದ 4 ಬಾರ್. ಇದು ಆಗಲೇ ಇರುವ ಒತ್ತಡದ ಮೇಲೆ ಸೇರುವ ಒತ್ತಡ, ನೆನಪಿರಲಿ. ಲೈನು ಉದ್ದ ಇದ್ದಷ್ಟೂ ಕಾಟ ಜಾಸ್ತಿ. ಹಾಗಾಗಿ ಬ್ಯಾಕ್‌ವಾಶ್ ಮುಗಿದ ಮೇಲೆ ಮೊದಲು ಪಂಪು ನಿಲ್ಲಿಸಿ, ನೀರು ಸುಮ್ಮನಾಗಲಿ, ಆಮೇಲೆ ವಾಲ್ವ್ ಮುಚ್ಚಿ. ಹೊಸ ಘಟಕದಲ್ಲಿ ಪಂಪಿನ ಮುಂದೆ ಮತ್ತು ದೊಡ್ಡ ಲೈನುಗಳಲ್ಲಿ ನಿಧಾನವಾಗಿ ಮುಚ್ಚಿಕೊಳ್ಳುವ ವಾಲ್ವ್ ಹಾಕಿಸಿ.

ಪಂಪು ನಿಂತ ಕ್ಷಣದಲ್ಲೇ ಸದ್ದು ಬಂದರೆ ತಪ್ಪು ಕೈಯದ್ದಲ್ಲ, ಎನ್‌ಆರ್‌ವಿಯದ್ದು. ಒಳಗೆ ತೂಗುವ ಮುಚ್ಚಳ ಇರುವ ಹಳೇ ಬಗೆಯಲ್ಲಿ ನೀರು ಹಿಂದಕ್ಕೆ ತಿರುಗಿದ ಮೇಲೆ ಮುಚ್ಚಳ ಗಾಳಿಗೆ ಬಾಗಿಲು ಬಡಿದ ಹಾಗೆ ಬಡಿಯುತ್ತದೆ. ಸ್ಪ್ರಿಂಗ್ ಇರುವ ಬಗೆ, ಅಥವಾ ಎರಡು ಅರ್ಧವೃತ್ತದ ತಟ್ಟೆಗಳಿರುವ ಡ್ಯುಯಲ್ ಪ್ಲೇಟ್ ಬಗೆ, ನೀರು ಹಿಂದಕ್ಕೆ ಹೊರಡುವ ಮೊದಲೇ ಮುಚ್ಚಿಕೊಳ್ಳುತ್ತದೆ. ಡ್ಯುಯಲ್ ಪ್ಲೇಟನ್ನು ಅಡ್ಡ ಪೈಪಿಗೆ ಹಾಕುವಾಗ ಒಳಗಿನ ಕಡ್ಡಿ ನೆಟ್ಟಗೆ ನಿಲ್ಲಬೇಕು. ಮಲಗಿಸಿ ಕೂರಿಸಿದರೆ ಒಂದು ತಟ್ಟೆ ಸರಿಯಾಗಿ ಕೂರುವುದಿಲ್ಲ. ತೂಗು ಮುಚ್ಚಳದ ಬಗೆಯನ್ನು ನೆಟ್ಟಗಿನ ಪೈಪಿಗೆ ಹಾಕುವುದಾದರೆ ನೀರು ಮೇಲಕ್ಕೆ ಏರುವ ಕಡೆ ಮಾತ್ರ. ಕೆಳಗಿಳಿಯುವ ಪೈಪಿನಲ್ಲಿ ಅದು ತೆರೆದೇ ಇರುತ್ತದೆ.

ಈಗ ಹೈಪೋ ಲೈನು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬಾಲ್ ವಾಲ್ವಿನ ಚೆಂಡಿನ ನಡುವೆ ತೂತಿದೆ. ವಾಲ್ವ್ ಮುಚ್ಚಿದಾಗ ಆ ತೂತು ಅಡ್ಡ ತಿರುಗುತ್ತದೆ. ಅದರೊಳಗೆ ಮತ್ತು ಚೆಂಡಿನ ಸುತ್ತ ಇದ್ದ ದ್ರವ ಎರಡೂ ಕಡೆಯ ಸೀಟುಗಳ (ಚೆಂಡು ಒತ್ತಿ ಕೂರುವ ಬಳೆಗಳ) ನಡುವೆ ಸಿಕ್ಕಿಕೊಳ್ಳುತ್ತದೆ. ನೀರಾದರೆ ತೊಂದರೆ ಇಲ್ಲ, ಸುಮ್ನೆ ಇರುತ್ತದೆ. ಹೈಪೋ ಸುಮ್ಮನಿರುವುದಿಲ್ಲ. ಸೋಡಿಯಂ ಹೈಪೋಕ್ಲೋರೈಟ್ ಕೂತಲ್ಲೇ ಒಡೆಯುತ್ತಾ ಆಮ್ಲಜನಕ ಬಿಡುತ್ತದೆ. ಬಿಸಿಲು ಬಿದ್ದರೆ, ಒಳಗೆ ತಾಮ್ರ ಅಥವಾ ನಿಕಲ್‌ನ ಚೂರು ಅಂಶ ಸೇರಿದರೆ ಇನ್ನೂ ಬೇಗ. ಆ ಅನಿಲಕ್ಕೆ ಹೊರಗೆ ಹೋಗಲು ದಾರಿ ಇಲ್ಲ. ಒತ್ತಡ ಏರುತ್ತಾ ಹೋಗಿ ಪ್ಲಾಸ್ಟಿಕ್ ವಾಲ್ವ್ ಒಂದು ದಿನ ಸಿಡಿಯುತ್ತದೆ. ಅದು ವಾಲ್ವ್ ಮುಟ್ಟುವ ಹೊತ್ತಿಗೇ ಆದರೆ ದ್ರಾವಣ ನೇರ ಮುಖಕ್ಕೆ. ಹೈಡ್ರೋಜನ್ ಪೆರಾಕ್ಸೈಡಿಗೂ ಇದೇ ಮಾತು.

ಇದಕ್ಕೆ ಎರಡು ದಾರಿ. ಒಂದು, ವೆಂಟೆಡ್ ಬಾಲ್ ವಾಲ್ವ್. ಇದರಲ್ಲಿ ಚೆಂಡಿಗೆ ಪಕ್ಕದಲ್ಲಿ ಒಂದು ಸಣ್ಣ ರಂಧ್ರ ಕೊರೆದಿರುತ್ತಾರೆ. ಮುಚ್ಚಿದಾಗ ಆ ರಂಧ್ರ ಟ್ಯಾಂಕಿನ ಕಡೆ ಇರಬೇಕು, ಆಗ ಅನಿಲ ವಾಪಸ್ ಟ್ಯಾಂಕಿಗೆ ಹೋಗುತ್ತದೆ. ತಿರುಗಾ ಮುರುಗಾ ಕೂರಿಸಿದರೆ ವಾಲ್ವ್ ಮುಚ್ಚಿದ್ದರೂ ಹೈಪೋ ಸೋರುತ್ತದೆ. ಮೈಮೇಲಿನ ಬಾಣದ ಗುರುತು ನೋಡಿಯೇ ಹಾಕಬೇಕು. ಎರಡನೆಯದು ಡಯಾಫ್ರಮ್ ವಾಲ್ವ್. ಇದರಲ್ಲಿ ಚೆಂಡೂ ಇಲ್ಲ, ದ್ರವ ಸಿಕ್ಕಿಕೊಳ್ಳುವ ಗೂಡೂ ಇಲ್ಲ. ಮೇಲಿನಿಂದ ರಬ್ಬರಿನ ಹಾಳೆಯೊಂದು ಕೆಳಗಿನ ದಿಂಡಿನ ಮೇಲೆ ಒತ್ತಿ ಕೂರುತ್ತದೆ, ಅಷ್ಟೇ. ಕಡ್ಡಿ, ತಿರುಪು ಎಲ್ಲ ಹಾಳೆಯ ಮೇಲ್ಗಡೆ ಇರುವುದರಿಂದ ರಾಸಾಯನಿಕ ಅವನ್ನು ಮುಟ್ಟುವುದೇ ಇಲ್ಲ. ಅಯಾನು ವಿನಿಮಯ ಘಟಕಗಳಲ್ಲಿ ಆಸಿಡ್ ಮತ್ತು ಕಾಸ್ಟಿಕ್ ಲೈನುಗಳಿಗೆ ಇದನ್ನೇ ಬಳಸುವುದು ಸುಮ್ಮನೆ ಅಲ್ಲ. ಹಾಳೆ ಸವೆಯುತ್ತದೆ, ಬದಲಿಸಬೇಕು. ಆದರೆ ಪೈಪು ಕತ್ತರಿಸದೆ, ಮೇಲಿನ ನಾಲ್ಕು ಬೋಲ್ಟ್ ಬಿಚ್ಚಿ ಬದಲಿಸಬಹುದು. ನಿಮ್ಮ ಪಟ್ಟಿಯಲ್ಲಿ ಡಯಾಫ್ರಮ್ ವಾಲ್ವ್ ಇರುವುದು ಇದಕ್ಕೇ ಇರಬೇಕು. ಅದನ್ನು ತೆಗೆಸಬೇಡಿ.

ಡೋಸಿಂಗ್ ಪಂಪಿನ ಹತ್ತಿರ ಇನ್ನೂ ಎರಡು ಸಣ್ಣ ವಾಲ್ವ್ ಬೇಕು. ನಿಮ್ಮ ಪಟ್ಟಿಯಲ್ಲಿ ಅವೆರಡೂ ಇಲ್ಲ. ಡೋಸಿಂಗ್ ಪಂಪು ಸಾಮಾನ್ಯ ಪಂಪಿನ ಹಾಗಲ್ಲ. ಮುಂದೆ ದಾರಿ ಮುಚ್ಚಿದ್ದರೂ ತಳ್ಳುತ್ತಲೇ ಇರುತ್ತದೆ, ಏನಾದರೂ ಒಡೆಯುವ ತನಕ. ಅದಕ್ಕೆ ಪ್ರೆಶರ್ ರಿಲೀಫ್ ವಾಲ್ವ್ ಬೇಕು. ಪಂಪಿಗೂ ರಿಲೀಫ್ ವಾಲ್ವಿಗೂ ನಡುವೆ ಬೇರೆ ಯಾವ ವಾಲ್ವೂ ಇರಬಾರದು, ಇದ್ದರೆ ರಿಲೀಫ್ ಇದ್ದೂ ಇಲ್ಲದ ಹಾಗೆ. ಇನ್ನೊಂದು ಆಂಟಿ ಸೈಫನ್ ವಾಲ್ವ್. ಹೈಪೋವನ್ನು ಮುಖ್ಯ ಪಂಪಿನ ಹೀರುವ ಪೈಪಿಗೆ ಸೇರಿಸಿದ್ದರೆ ಆ ಎಳೆತಕ್ಕೆ ಡೋಸಿಂಗ್ ಪಂಪು ನಿಂತಿದ್ದರೂ ದ್ರಾವಣ ತಾನಾಗಿ ಹರಿಯುತ್ತದೆ. ಟ್ಯಾಂಕು ಖಾಲಿಯಾಗುವವರೆಗೆ ಯಾರಿಗೂ ಗೊತ್ತಾಗುವುದಿಲ್ಲ.

ಲೋಹ, ರಬ್ಬರಿನ ವಿಷಯಕ್ಕೆ ಬರೋಣ. ಸ್ಟೇನ್‌ಲೆಸ್ ಸ್ಟೀಲ್ ಅಂದರೆ ಯಾವುದಕ್ಕೂ ಜಗ್ಗುವುದಿಲ್ಲ ಅಂತ ಒಂದು ನಂಬಿಕೆ ಇದೆ. ಹೈಡ್ರೋಕ್ಲೋರಿಕ್ ಆಸಿಡ್ 316 ಸ್ಟೀಲನ್ನೂ ತಿನ್ನುತ್ತದೆ. ಫೆರಿಕ್ ಕ್ಲೋರೈಡ್ ಕೂಡ ತೂತು ತೂತು ಮಾಡುತ್ತದೆ, ಹೈಪೋ ಕೂಡ. ಇವಕ್ಕೆ ಯುಪಿವಿಸಿಯೇ ಸರಿ. ರಬ್ಬರಿನಲ್ಲಿ ಇಪಿಡಿಎಂ ನೀರಿಗೆ ಒಳ್ಳೆಯದು, ಆದರೆ ಎಣ್ಣೆ ತಾಕಿದರೆ ಊದಿಕೊಳ್ಳುತ್ತದೆ. ಜೋಡಿಸುವಾಗ ಸಲೀಸಾಗಲಿ ಅಂತ ಮಾಮೂಲಿ ಗ್ರೀಸ್ ಸವರುವವರು ಇದ್ದಾರೆ, ಹಾಗೆ ಮಾಡಲು ಬಿಡಬೇಡಿ. ಸಿಲಿಕೋನ್ ಗ್ರೀಸ್ ಮಾತ್ರ. ಹೈಪೋ ಲೈನಿನ ಓರಿಂಗುಗಳು (ಸೋರದಂತೆ ಹಾಕುವ ರಬ್ಬರ್ ಬಳೆಗಳು) ವೈಟಾನ್ ಎಂಬ ರಬ್ಬರಿನವು ಆಗಿರಲಿ. ಪಟ್ಟಿಯಲ್ಲಿ ಬರೀ ವಾಲ್ವಿನ ಹೆಸರು ಸಾಲದು. ಮೈ ಯಾವುದು, ಸೀಟು ಯಾವುದು, ಓರಿಂಗು ಯಾವುದು, ಪಿಎನ್ ಎಷ್ಟು ಅಂತ ಬರೆಸಿಕೊಳ್ಳಿ. ಪಿಎನ್ 10 ಅಂದರೆ ತಣ್ಣನೆ ನೀರಿಗೆ 10 ಬಾರ್. ಪ್ಲಾಸ್ಟಿಕ್ ವಾಲ್ವಿಗೆ ನೀರು ಬಿಸಿಯಾದಂತೆ ಆ ಶಕ್ತಿ ಇಳಿಯುತ್ತದೆ.

ಫಿಲ್ಟರ್‌ಗಳ ದೊಡ್ಡ ಪೈಪುಗಳಿಗೆ ಗೇಟ್ ವಾಲ್ವಾ, ಬಟರ್‌ಫ್ಲೈಯಾ ಅನ್ನುವುದು ಹಳೇ ಜಗಳ. ಹಳೇ ಬಗೆಯ ಗೇಟ್ ವಾಲ್ವ್ ಬಿಚ್ಚಿ ನೋಡಿದ್ದೀರಾ? ತಳದಲ್ಲಿ ಒಂದು ತೋಡು ಇರುತ್ತದೆ, ಗೇಟಿನ ಅಂಚು ಹೋಗಿ ಅದರಲ್ಲಿ ಕೂರಬೇಕು. ಫಿಲ್ಟರ್ ಆಗದ ನೀರು ಹರಿಯುವ ಕಡೆ ಆ ತೋಡಿನಲ್ಲಿ ಮರಳು ಬಿದ್ದು ಗಟ್ಟಿಯಾಗಿ ಕೂತಿರುತ್ತದೆ. ಗೇಟು ಒಂದೆರಡು ಮಿಲಿಮೀಟರ್ ಮೇಲೇ ನಿಲ್ಲುತ್ತದೆ. ಮುಚ್ಚಿದೆ ಅಂತ ನಾವು ಅಂದುಕೊಂಡಿರುತ್ತೇವೆ, ನೀರು ಹರಿಯುತ್ತಲೇ ಇರುತ್ತದೆ. ಆಗ ಯಾರೋ ಚಕ್ರಕ್ಕೆ ಪೈಪು ಸಿಕ್ಕಿಸಿ ಜೋರಾಗಿ ತಿರುಗಿಸುತ್ತಾರೆ, ಕಡ್ಡಿ ಬಾಗುತ್ತದೆ. ಈಗ ಗೇಟಿಗೇ ರಬ್ಬರು ಹೊದಿಸಿ, ತಳ ಸಪಾಟಾಗಿ ಮಾಡಿದ ಬಗೆ ಬಂದಿದೆ. ಗೇಟ್ ಹಾಕುವುದಾದರೆ ಅದನ್ನೇ ಹಾಕಿ. ಒಂದು ಮಾತು, ಗೇಟ್ ವಾಲ್ವನ್ನು ಪೂರ್ತಿ ತೆರೆಯಬೇಕು ಇಲ್ಲ ಪೂರ್ತಿ ಮುಚ್ಚಬೇಕು. ಅರ್ಧಕ್ಕೆ ನಿಲ್ಲಿಸಿದರೆ ಗೇಟು ನಡುಗುತ್ತಾ ಸೀಟು ಸವೆಯುತ್ತದೆ. ಬಾಲ್ ವಾಲ್ವನ್ನೂ ಅರ್ಧ ತೆರೆದು ದಿನಗಟ್ಟಲೆ ಬಿಡಬಾರದು, ಅದರ ಟೆಫ್ಲಾನ್ ಸೀಟು ಕೊರೆದು ಹೋಗುತ್ತದೆ.

ನಿಮಗೆ ಬೇಕಾಗಿರುವುದು ಬಟರ್‌ಫ್ಲೈ. ಮರಳಿನ ಫಿಲ್ಟರ್‌ಗೆ ಬ್ಯಾಕ್‌ವಾಶ್ ಹರಿವನ್ನು ಹದವಾಗಿ ಹಿಡಿಯಬೇಕಾಗುತ್ತದೆ. ಸಾಮಾನ್ಯವಾಗಿ ಗಂಟೆಗೆ 30ರಿಂದ 50 ಮೀಟರ್ ವೇಗ. ಅಂದರೆ ಫಿಲ್ಟರ್‌ನ ಒಳವಿಸ್ತಾರ 1 ಚದರ ಮೀಟರ್ ಇದ್ದರೆ ಗಂಟೆಗೆ 30ರಿಂದ 50 ಘನ ಮೀಟರ್ ನೀರು. ಕಡಿಮೆಯಾದರೆ ಕೊಳೆ ಏಳುವುದಿಲ್ಲ, ಜಾಸ್ತಿಯಾದರೆ ಮರಳೇ ಚರಂಡಿ ಸೇರುತ್ತದೆ. ಕಾರ್ಬನ್ ಹಗುರ, ಅದಕ್ಕೆ ಇನ್ನೂ ಕಡಿಮೆ ಸಾಕು. ಬಟರ್‌ಫ್ಲೈಯಲ್ಲಿ ತಟ್ಟೆಯನ್ನು ನಡುವಿನ ಒಂದು ಕೋನಕ್ಕೆ ನಿಲ್ಲಿಸಿ ಹಿಡಿಗೆ ಹಲ್ಲುಕಚ್ಚು ಹಾಕಬಹುದು. ಗೇರ್ ಇರುವ ಬಗೆ ತೆಗೆದುಕೊಂಡರೆ ಬೇಗ ಮುಚ್ಚಿ ಪೈಪು ಬಡಿಸುವ ಪ್ರಶ್ನೆಯೇ ಇಲ್ಲ.

ಬಟರ್‌ಫ್ಲೈ ಹಾಳಾಗುವುದು ಜಾಸ್ತಿ ಜೋಡಿಸುವ ದಿನವೇ. ತೆರೆದಾಗ ಅದರ ತಟ್ಟೆ ಎರಡೂ ಕಡೆ ಪೈಪಿನೊಳಗೆ ಚಾಚುತ್ತದೆ. ಪಕ್ಕದಲ್ಲೇ ಎನ್‌ಆರ್‌ವಿ ಅಂಟಿಸಿ ಕೂರಿಸಿದರೆ ತಟ್ಟೆ ಅದಕ್ಕೆ ಡಿಕ್ಕಿ ಹೊಡೆಯುತ್ತದೆ. ನಡುವೆ ಒಂದು ಪೈಪಿನ ತುಂಡು ಬೇಕೇ ಬೇಕು. ಫ್ಲ್ಯಾಂಜ್‌ಗಳ ನಡುವೆ ತೂರಿಸುವಾಗ ತಟ್ಟೆಯ ಅಂಚು ವಾಲ್ವಿನ ಮೈಯಿಂದ ಹೊರಗೆ ಚಾಚಿರಬಾರದು, ಪೂರ್ತಿ ಮುಚ್ಚಿಯೂ ಇರಬಾರದು, ಸ್ವಲ್ಪವೇ ತೆರೆದಿರಲಿ. ರಬ್ಬರಿನ ಒಳಮೈ ಇರುವುದಕ್ಕೆ ಬೇರೆ ಗ್ಯಾಸ್ಕೆಟ್ ಹಾಕುವ ಹಾಗಿಲ್ಲ. ವಾಲ್ವ್ ಇಟ್ಟುಕೊಂಡೇ ಫ್ಲ್ಯಾಂಜ್ ವೆಲ್ಡ್ ಮಾಡಿದರೆ ರಬ್ಬರು ಬೆಂದು ಹೋಗುತ್ತದೆ. ಕೆಲಸ ನಡೆಯುವಾಗ ಇಷ್ಟನ್ನು ನಿಂತು ನೋಡಿಕೊಂಡರೆ ಸಾಕು, ವರ್ಷಗಟ್ಟಲೆ ತಂಟೆ ಇರುವುದಿಲ್ಲ.

ಸಣ್ಣ ಫಿಲ್ಟರ್ ಆದರೆ ಇಷ್ಟೆಲ್ಲ ಇಲ್ಲದೆ ಒಂದೇ ಮಲ್ಟಿಪೋರ್ಟ್ ವಾಲ್ವ್ ಸಾಕು. ಐದು ವಾಲ್ವ್‌ಗಳ ಕೆಲಸವನ್ನು ಒಂದೇ ಹಿಡಿ ಮಾಡುತ್ತದೆ. ಫಿಲ್ಟರ್, ಬ್ಯಾಕ್‌ವಾಶ್, ರಿನ್ಸ್ ಹೀಗೆ ಮೇಲೆ ಬರೆದಿರುತ್ತದೆ. ಹಿಡಿಯನ್ನು ಕೆಳಗೆ ಒತ್ತಿದಾಗ ಒಳಗಿನ ತಟ್ಟೆ ಮೇಲಕ್ಕೇಳುತ್ತದೆ, ಆಗ ತಿರುಗಿಸಿ ಬಿಡಬೇಕು. ತಟ್ಟೆಗೂ ಮೈಗೂ ನಡುವೆ ಜೇಡರ ಬಲೆಯ ಆಕಾರದ ರಬ್ಬರ್ ಗ್ಯಾಸ್ಕೆಟ್ ಇದೆ. ಪಂಪು ಓಡುವಾಗಲೇ ಹಿಡಿ ತಿರುಗಿಸಿದರೆ ಅದರ ಎಳೆ ಗೂಡಿನಿಂದ ಕಿತ್ತು ಬರುತ್ತದೆ. ಆಮೇಲೆ ಫಿಲ್ಟರ್ ನಡೆಯುತ್ತಿದ್ದರೂ ಚರಂಡಿ ಪೈಪಿನಲ್ಲಿ ನೀರು ತೊಟ್ಟಿಕ್ಕುತ್ತಿರುತ್ತದೆ, ಅಥವಾ ಫಿಲ್ಟರ್ ಆಗದ ನೀರು ಸದ್ದಿಲ್ಲದೆ ಆಚೆ ಸೇರುತ್ತದೆ. ಚರಂಡಿ ಪೈಪಿನಲ್ಲಿ ಒಂದು ಗಾಜಿನ ಕಿಂಡಿ ಇಟ್ಟರೆ ಇದು ಕಣ್ಣಿಗೆ ಬೀಳುತ್ತದೆ. ಸಾಫ್ಟ್‌ನರ್‌ದೂ ಇದೇ ಜಾತಿ. ಅದರಲ್ಲಿ ಉಪ್ಪುನೀರು ಹೀರಿಕೊಳ್ಳಲು ಒಂದು ಸಣ್ಣ ಇಂಜೆಕ್ಟರ್ ಜಾಸ್ತಿ ಇರುತ್ತದೆ. ಉಪ್ಪಿನ ಟ್ಯಾಂಕಿನ ಮಟ್ಟ ಇಳಿಯುತ್ತಿಲ್ಲ ಅಂದರೆ ಮೊದಲು ಆ ಇಂಜೆಕ್ಟರ್‌ನ ತೂತು ಕಟ್ಟಿಕೊಂಡಿದೆಯಾ ನೋಡಿ.

ಏರ್ ವಾಲ್ವ್ ಖರ್ಚು ಉಳಿಸೋಣ ಅಂತ ಎಲ್ಲರೂ ಮೊದಲು ಹೊಡೆದು ಹಾಕುವ ಸಾಲು. ಹಾಗೆ ಮಾಡಬೇಡಿ. ಫಿಲ್ಟರ್‌ನ ತಲೆಯಲ್ಲಿ ಗಾಳಿ ಸಿಕ್ಕಿಕೊಂಡರೆ ಪಂಪು ಶುರುವಾದಾಗಲೆಲ್ಲ ಅದು ಕುಗ್ಗಿ ಹಿಗ್ಗಿ ಮರಳಿನ ಪದರ ಕದಡುತ್ತದೆ. ನಿಮ್ಮದು ಎಫ್‌ಆರ್‌ಪಿ (ಗಾಜಿನ ನಾರು ಸೇರಿಸಿದ ಪ್ಲಾಸ್ಟಿಕ್) ಟ್ಯಾಂಕಾದರೆ ಇನ್ನೊಂದು ಕಾರಣವೂ ಇದೆ. ಒಳಗಿನಿಂದ ಬರುವ ಒತ್ತಡವನ್ನು ಅದು ಚೆನ್ನಾಗಿ ತಡೆಯುತ್ತದೆ, ಆದರೆ ಕೆಳಗಿನಿಂದ ನೀರು ಬಸಿದಾಗ ಒಳಗಾಗುವ ಎಳೆತವನ್ನು ತಡೆಯುವುದಿಲ್ಲ. ಗಾಳಿ ಒಳಗೆ ಬರಲು ದಾರಿ ಇಲ್ಲದಿದ್ದರೆ ಒಳಪದರ ಕಿತ್ತು ಬರುತ್ತದೆ. ಹಾಗಾಗಿ ಗಾಳಿ ಹೊರಗೆ ಬಿಡುವುದರ ಜೊತೆಗೆ ಒಳಗೂ ಬಿಡುವ ಬಗೆಯನ್ನೇ ಕೇಳಿ.

ಇನ್ನು ಆರ್‌ಒ. ಅದರ ಹಿಡಿತ ಇರುವುದೇ ರಿಜೆಕ್ಟ್ ಲೈನಿನ, ಅಂದರೆ ಲವಣ ತುಂಬಿದ ನೀರು ಹೊರಹೋಗುವ ಲೈನಿನ, ವಾಲ್ವಿನಲ್ಲಿ. ಅದನ್ನು ಮುಚ್ಚುತ್ತಾ ಹೋದರೆ ಒಳಗೆ ಒತ್ತಡ ಏರುತ್ತದೆ, ಶುದ್ಧ ನೀರು ಜಾಸ್ತಿ ಬರುತ್ತದೆ. ಆಹಾ ಅನ್ನಿಸುತ್ತದೆ, ಅಲ್ವಾ? ಆದರೆ ಅಷ್ಟೇ ಲವಣ ಇನ್ನೂ ಕಡಿಮೆ ನೀರಿನಲ್ಲಿ ಹೊರಹೋಗಬೇಕು. ಆಗದೆ ನೀರನ್ನು ಸೋಸುವ ತೆಳು ಹಾಳೆ, ಅಂದರೆ ಮೆಂಬ್ರೇನಿನ ಮೇಲೇ ಗಟ್ಟಿ ಪದರವಾಗಿ ಕೂರುತ್ತದೆ. ಇಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಹಿಡಿಯಬಲ್ಲ ನೀಡಲ್ ವಾಲ್ವ್ ಅಥವಾ ಗ್ಲೋಬ್ ವಾಲ್ವ್ ಬೇಕು. ಬಾಲ್ ವಾಲ್ವಿನ ಹಿಡಿಗೆ ಕೈ ತಾಕಿದರೂ ಲೆಕ್ಕ ತಪ್ಪುತ್ತದೆ. ಹೊಂದಿಸಿದ ಮೇಲೆ ಹಿಡಿಯನ್ನು ಕಳಚಿ ಬೀಗ ಹಾಕಿಡುವವರಿದ್ದಾರೆ, ನನಗೆ ಅದು ಸರಿ ಅನ್ನಿಸುತ್ತದೆ. ಹೈ ಪ್ರೆಶರ್ ಪಂಪಿನ ಮುಂದಿನ ವಾಲ್ವನ್ನೂ ನಿಧಾನವಾಗಿ ತೆರೆಯಬೇಕು. ಒತ್ತಡ ಸೆಕೆಂಡಿಗೆ 0.7 ಬಾರ್‌ಗಿಂತ ಬೇಗ ಏರಿದರೆ ಮೆಂಬ್ರೇನಿಗೆ ಪೆಟ್ಟು.

ಶುದ್ಧ ನೀರಿನ ಲೈನಿನಲ್ಲಿ ಮುಚ್ಚುವ ವಾಲ್ವೇ ಬೇಡ. ಮೆಂಬ್ರೇನು ಹಾಳೆಗಳನ್ನು ಅಂಚಿನಲ್ಲಿ ಅಂಟಿಸಿ ಸುತ್ತಿರುತ್ತಾರೆ. ಶುದ್ಧ ನೀರಿನ ಕಡೆಯ ಒತ್ತಡ ಇನ್ನೊಂದು ಕಡೆಗಿಂತ ಸುಮಾರು 0.3 ಬಾರ್ ಜಾಸ್ತಿಯಾದರೆ ಸಾಕು, ಆ ಅಂಟು ಬಿಡುತ್ತದೆ, ಹಾಳೆ ಹರಿಯುತ್ತದೆ. ಯಾರಾದರೂ ಆ ವಾಲ್ವ್ ಮುಚ್ಚಿ, ಆಮೇಲೆ ಪಂಪು ನಿಲ್ಲಿಸಿದರೆ ಆಗುವುದು ಇದೇ. ಟ್ಯಾಂಕು ಎತ್ತರದಲ್ಲಿದ್ದರೆ ನೀರು ಹಿಂದಕ್ಕೆ ಒತ್ತದಂತೆ ಸಲೀಸಾಗಿ ತೆರೆಯುವ ಒಂದು ಎನ್‌ಆರ್‌ವಿ ಇರಲಿ. ಟ್ಯಾಂಕು ತುಂಬಿದಾಗ ನಿಲ್ಲಬೇಕಾದದ್ದು ಪಂಪು. ಅದಕ್ಕೆ ಫ್ಲೋಟ್ ಸ್ವಿಚ್ ಹಾಕಿ.

ಸೊಲೆನಾಯ್ಡ್, ಅಂದರೆ ಕರೆಂಟಿನಿಂದ ತೆರೆದು ಮುಚ್ಚುವ ವಾಲ್ವ್ ಬಗ್ಗೆ ಒಂದೇ ಎಚ್ಚರಿಕೆ. ಮಾರುಕಟ್ಟೆಯಲ್ಲಿ ಸಿಗುವ ಬಹುಪಾಲು ಬಗೆಗಳು ನೀರಿನ ಒತ್ತಡದಿಂದಲೇ ತೆರೆದುಕೊಳ್ಳುತ್ತವೆ. ಕಾಯಿಲ್ ಒಂದು ಸಣ್ಣ ರಂಧ್ರ ತೆರೆಯುತ್ತದೆ, ಮಿಕ್ಕ ಕೆಲಸ ನೀರಿನದು. ಎರಡೂ ಕಡೆಗೆ ಒಂದಿಷ್ಟು ಒತ್ತಡದ ವ್ಯತ್ಯಾಸ ಇಲ್ಲದಿದ್ದರೆ, ಉದಾಹರಣೆಗೆ ಸ್ವಲ್ಪವೇ ಎತ್ತರದ ಟ್ಯಾಂಕಿನಿಂದ ಬರುವ ನೀರಾದರೆ, ಟಿಕ್ ಅಂತ ಸದ್ದು ಬರುತ್ತದೆ, ನೀರು ಬರುವುದಿಲ್ಲ. ಅಂಥ ಕಡೆಗೆ ಶೂನ್ಯ ಒತ್ತಡದಲ್ಲೂ ತೆರೆಯುವ ಬಗೆ ಕೇಳಿ ತರಿಸಬೇಕು. ಮುಂದೆ ಒಂದು ಜಾಲರಿ ಹಾಕಿ, ಆ ರಂಧ್ರಕ್ಕೆ ಮರಳಿನ ಒಂದು ಕಣ ಸಾಕು. ಕರೆಂಟು ಹೋದಾಗ ಅದು ತೆರೆದಿರಬೇಕಾ ಮುಚ್ಚಿರಬೇಕಾ ಅನ್ನುವುದನ್ನೂ ಆಗಲೇ ತೀರ್ಮಾನಿಸಿ. ಆರ್‌ಒಗೆ ನೀರು ಬರುವ ಕಡೆ ಮುಚ್ಚಿರಬೇಕು.

ಬಿಡಿಭಾಗದ ನಿಮ್ಮ ಚಿಂತೆ ನ್ಯಾಯವೇ. ಆದರೆ ಎಂಟು ಬಗೆಯ ಪೂರ್ತಿ ವಾಲ್ವ್‌ಗಳನ್ನು ಕಪಾಟಿನಲ್ಲಿ ಇಡಬೇಕಾಗಿಲ್ಲ. ಡಯಾಫ್ರಮ್ ಹಾಳೆ ಒಂದು ಜೊತೆ, ಮಲ್ಟಿಪೋರ್ಟಿನ ಜೇಡರ ಬಲೆ ಗ್ಯಾಸ್ಕೆಟ್ ಒಂದು, ಸೊಲೆನಾಯ್ಡ್ ಕಾಯಿಲ್ ಒಂದು, ವೈಟಾನ್ ಓರಿಂಗುಗಳ ಒಂದು ಪೊಟ್ಟಣ, ಡೋಸಿಂಗ್ ಪಂಪಿನ ಎನ್‌ಆರ್‌ವಿ ಒಂದು ಇದ್ದರೆ ಸಾಕು. ನಡೆಸುವವರ ಗೊಂದಲಕ್ಕೆ ಪ್ರತಿ ವಾಲ್ವಿಗೂ ಒಂದು ನಂಬರಿನ ಬಿಲ್ಲೆ ಕಟ್ಟಿಸಿ, ಯಾವ ಕೆಲಸಕ್ಕೆ ಯಾವ ನಂಬರು ತೆರೆದಿರಬೇಕು ಅಂತ ಗೋಡೆಗೆ ಒಂದು ಹಾಳೆ ಅಂಟಿಸಿ. ಯಾವಾಗಲೂ ತೆರೆದೇ ಇರುವ ವಾಲ್ವ್‌ಗಳನ್ನು ತಿಂಗಳಿಗೊಮ್ಮೆ ಪಂಪು ನಿಂತಿರುವಾಗ ಮುಚ್ಚಿ ತೆರೆಯಲು ಹೇಳಿ, ಇಲ್ಲದಿದ್ದರೆ ಬೇಕಾದ ದಿನ ಅವು ತಿರುಗುವುದಿಲ್ಲ. ಗುತ್ತಿಗೆದಾರರಿಗೆ ಪಟ್ಟಿ ವಾಪಸ್ ಕಳಿಸುವಾಗ ಡೋಸಿಂಗ್ ಪಂಪಿನ ರಿಲೀಫ್ ವಾಲ್ವ್ ಮತ್ತು ಆಂಟಿ ಸೈಫನ್ ವಾಲ್ವ್ ಎರಡನ್ನೂ ಸೇರಿಸಿ, ಆರ್‌ಒ ಶುದ್ಧ ನೀರಿನ ಲೈನಿನಲ್ಲಿ ಬಾಲ್ ವಾಲ್ವ್ ಇದ್ದರೆ ಆ ಸಾಲು ಹೊಡೆದು ಹಾಕಿ.